ಒದ್ದೆ ಮಣ್ಣಿನಲ್ಲಿ ಬಾಡಿದ ಸಸಿ

ನನ್ನ ಕೈಗುಣದ ಬಗ್ಗೆ ನಾನೇ ಹೇಳಿಕೊಂಡರೆ ಜಂಬ ಅನ್ನುತ್ತಾರೆ. ಅನ್ನಲಿ. ಇಪ್ಪತ್ತಾರು ವರ್ಷದಿಂದ ಈ ಸಂಶೋಧನಾಲಯದ ಗಾಜಿನ ಮನೆಯನ್ನು ನೋಡಿಕೊಂಡಿದ್ದೇನೆ. ನೀರಿಲ್ಲದೆ ಒಣಗಿ ಸತ್ತ ಗಿಡ ನನ್ನ ಕೈಯಲ್ಲಿ ಒಂದೂ ಇಲ್ಲ. ನೀರಿದ್ದೂ ಸತ್ತವು ಇವೆ, ಅವುಗಳ ವಿಷಯವೇ ನಾನು ಹೇಳಹೊರಟಿರುವುದು.

ಮೇಲಿನ ಮಹಡಿಯಲ್ಲಿ ಒಬ್ಬ ವಿಜ್ಞಾನಿ ಹೆಣ್ಣುಮಗಳು. ಕಡ್ಡಿಯಂಥ ಮೈ, ಚುಚ್ಚುವ ಮಾತು, ಕೈಯಲ್ಲಿ ಯಾವಾಗಲೂ ಬ್ಲೇಡು. ನಾನು ಅವಳಿಗೆ ಸೂಜಿ ಅಂತ ಹೆಸರಿಟ್ಟಿದ್ದೆ. ಎಲ್ಲರೆದುರಿಗೆ ಮೇಡಮ್, ಇಬ್ಬರೇ ಇದ್ದಾಗ ಕಣೇ, ಹೋಗೇ. ಅವಳು ನನ್ನನ್ನು ಅಕ್ಕ ಅನ್ನುತ್ತಿದ್ದಳು. ಒಂಬತ್ತು ವರ್ಷದಿಂದ ಅವಳು ಒಂದೇ ಗಿಡದ ಬೆನ್ನು ಹತ್ತಿದ್ದಳು. ಗೇಣುದ್ದದ, ಬಿಳಿ ಹೂವಿನ, ದಾರಿಬದಿಯಲ್ಲಿದ್ದರೆ ಯಾರೂ ತಿರುಗಿಯೂ ನೋಡದ ಕಳೆ ಅದು.

"ಅದರೊಳಗೆ ಅಂಥಾದ್ದೇನಿದೆಯೇ?" ಎಂದು ಮೊದಲ ವರ್ಷವೇ ಕೇಳಿದ್ದೆ.

ಅವಳು ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ತೋರಿಸಿದಳು. ಬೇರಿನ ನಡುವೆ ಎಳೆಯ ಕೋಶಗಳು ಸಾಲಾಗಿ ನಿಂತಿರುತ್ತವೆ. ಒಂದು ಜೀನು ಅವಕ್ಕೆ ಅಪ್ಪಣೆ ಕೊಡುತ್ತದೆ. ಅಪ್ಪಣೆಯಾದ ಕೋಶ ತನ್ನ ಗೋಡೆಯನ್ನು ಒಳಗಿನಿಂದ ಸುರುಳಿ ಸುರುಳಿಯಾಗಿ ದಪ್ಪ ಮಾಡಿಕೊಳ್ಳುತ್ತದೆ. ಆಮೇಲೆ ಹೊಟ್ಟೆಯೊಳಗಿನದನ್ನೆಲ್ಲ ತಾನೇ ಕರಗಿಸಿಕೊಂಡು ಸಾಯುತ್ತದೆ. ಉಳಿಯುವುದು ಬರೀ ಗೋಡೆ. ಅಂಥ ಖಾಲಿ ಗೋಡೆಗಳು ಒಂದರ ತುದಿಗೊಂದು ಕೂಡಿ ಕೊಳವೆಯಾಗುತ್ತವೆ, ನೀರು ಎಲೆಗೆ ಏರುವುದು ಅದರಲ್ಲೇ.

"ಅಂದ್ರೆ ಅವು ಸತ್ತರೇನೇ ಮಿಕ್ಕವಕ್ಕೆ ನೀರು?"

"ಹ್ಞೂಂ. ಆ ಜೀನು ಕೆಟ್ಟುಹೋದ್ರೆ ಅವು ಸಾಯಲ್ಲ, ಹಾಗೇ ತುಂಬ್ಕೊಂಡು ಕೂತಿರ್ತವೆ. ಆಗ ಗಿಡಾನೇ ಸಾಯುತ್ತೆ."

ಆ ಜೀನು ಕೆಟ್ಟ ತಳಿಯೇ ಅವಳ ಒಂಬತ್ತು ವರ್ಷದ ಸಂಪಾದನೆ. ಅದನ್ನು ಉಳಿಸಿಕೊಂಡು ಬರುವುದು ನನ್ನ ಕೆಲಸ. ಕೆಲಸ ತಮಾಷೆಯದು. ಪ್ರತಿ ಗಿಡದಲ್ಲೂ ಆ ಜೀನು ಜೋಡಿಯಾಗಿರುತ್ತದೆ. ಜೋಡಿಯಲ್ಲಿ ಒಂದು ಮಾತ್ರ ಕೆಟ್ಟಿದ್ದರೆ ಗಿಡ ಗಟ್ಟಿಮುಟ್ಟಾಗಿಯೇ ಇರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಎರಡೂ ಕೆಟ್ಟ ಸಸಿ ನಾಲ್ಕೆಲೆ ಬಿಟ್ಟು, ಹೂ ಕಾಣುವ ಮೊದಲೇ ಬಾಡಿ ಸಾಯುತ್ತದೆ. ಹಾಗಾಗಿ ಒಂದೊಂದು ತಾಯಿಗಿಡದ ಬೀಜವನ್ನು ಒಂದೊಂದು ಟ್ರೇಯಲ್ಲಿ ಬಿತ್ತಬೇಕು. ಮೇಲೆ ತೇವ ಆರದಂತೆ ಪ್ಲಾಸ್ಟಿಕ್ ಮುಚ್ಚಳ. ಹನ್ನೆರಡನೇ ದಿನ ಮುಚ್ಚಳ ತೆಗೆದಾಗ ಯಾವ ಟ್ರೇಯಲ್ಲಿ ಕಾಲು ಭಾಗ ಸಸಿಗಳು ತಲೆ ಜೋಲಿಸುತ್ತವೋ ಆ ತಾಯಿ ಕೆಟ್ಟ ಜೀನನ್ನು ಹೊತ್ತವಳು. ಆ ಟ್ರೇಯಲ್ಲಿ ಬದುಕಿದ ಗಿಡಗಳಿಂದಲೇ ಮುಂದಿನ ಬೀಜ ಹಿಡಿಯಬೇಕು. ಸಾವು ಕಂಡ ಮನೆಯಿಂದಲೇ ಸಂಬಂಧ ತರಬೇಕು ಅಂತ ನಾನು ನಗುತ್ತಿದ್ದೆ. ಎಲ್ಲವೂ ನಳನಳಿಸುವ ಟ್ರೇ ಬಂದರೆ ಎತ್ತಿ ಎಸೆಯಬೇಕು.

ಮೂರು ವರ್ಷದ ಹಿಂದೆಯೇ ಪ್ರಯೋಗ ಮುಗಿಸಿ ಬರೆಯತೊಡಗಿದ್ದ ಸೂಜಿಯ ಪ್ರಬಂಧ ಈ ವರ್ಷ ಅಚ್ಚಾಯಿತು. ಬೇರೊಂದು ಪ್ರಯೋಗಾಲಯದವರು ಬೀಜ ಕೇಳಿದರು. ನನ್ನ ಬೀಜದ ಬೀರುವಿನ ಪೊಟ್ಟಣವನ್ನೇ ಕಳಿಸಿದೆವು. ಮೂರು ತಿಂಗಳಿಗೆ ಉತ್ತರ ಬಂತು. ನಾನೂರು ಸಸಿ ಬೆಳೆಸಿದ್ದಾರೆ, ಒಂದೂ ಬಾಡಿಲ್ಲ. ಕೊನೆಯಲ್ಲಿ ಒಂದು ಸಾಲು, ಈ ಫಲಿತಾಂಶ ನಿಜವಾಗಿ ಕಂಡದ್ದೇ ಎಂದು. ಸಭ್ಯ ಭಾಷೆಯಲ್ಲಿ ಸುಳ್ಳಿ ಅಂದಿದ್ದರು, ಅಷ್ಟೇ. ದೊಡ್ಡವರು, ಅಂದರೆ ನಮ್ಮ ನಿರ್ದೇಶಕರು, ಸೂಜಿಯನ್ನು ಕರೆಸಿ ಎಂಟು ವಾರ ಗಡುವು ಕೊಟ್ಟರು. ಬಾಡುವ ಸಸಿಯನ್ನು ಕಣ್ಣೆದುರು ತೋರಿಸದಿದ್ದರೆ ಪ್ರಬಂಧ ವಾಪಸ್, ಅವಳೂ ಮನೆಗೆ. ಫೋಟೋ ಸಾಲದೇ ಎಂದು ಅವಳು ಕೇಳಿದ್ದಕ್ಕೆ, ನೀರು ಹಾಕದೆ ಬಿಟ್ಟರೆ ಯಾವ ಗಿಡವೂ ಬಾಡುತ್ತದೆ ಎಂದರಂತೆ.

ಅವಳು ಗಾಜಿನ ಮನೆಗೆ ಬಂದು ಕುಂಡ ತೊಳೆಯುವ ತೊಟ್ಟಿಯ ಅಂಚಿನಲ್ಲಿ ಕುಸಿದು ಕೂತಳು. "ನಾನು ಸುಳ್ಳು ಹೇಳಿಲ್ಲ ಅಕ್ಕಾ. ನೀವಾದ್ರೂ ನೋಡಿದ್ದೀರಲ್ಲ?"

ಆ ಪೊಟ್ಟಣದಲ್ಲಿ ಏನಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಎರಡು ವರ್ಷದ ಹಿಂದೆ, ನಮ್ಮನೆಯವರು ಹಾಸಿಗೆ ಹಿಡಿದ ವರ್ಷ, ಆ ತಳಿಯ ಆರು ಟ್ರೇ ಬಿತ್ತಿದ್ದೆ. ಮುಚ್ಚಳ ತೆಗೆದ ದಿನ ಐದರಲ್ಲಿ ಸಸಿಗಳು ತಲೆ ಜೋಲಿಸಿದವು. ಆರನೆಯದು ಹಸಿರಾಗಿ ನಿಂತಿತ್ತು. ನಾನು ಆ ಐದನ್ನು ಹಿಂದಿನ ಬಾಗಿಲಿನಿಂದ ಮಣ್ಣಿನ ಗುಡ್ಡೆಯ ಮೇಲೆ ಸುರಿದೆ. ಆರನೆಯದನ್ನು ಉಳಿಸಿಕೊಂಡೆ. ಅದರ ಬೀಜ ಹಿಡಿದು, ಪೊಟ್ಟಣದ ಮೇಲೆ ಆ ತಳಿಯ ಅದೇ ಹಳೆಯ ನಂಬರು ಬರೆದೆ. ಹಳೆಯ ಪೊಟ್ಟಣಗಳನ್ನು ಆ ವರ್ಷವೇ ಬೀರು ಚೊಕ್ಕಟ ಮಾಡುವಾಗ ಎಸೆದದ್ದಾಗಿತ್ತು. ಮುಂದಿನ ಸಲ ಸರಿಮಾಡಿದರಾಯಿತು ಎಂದುಕೊಂಡಿದ್ದೆ. ಆ ಮುಂದಿನ ಸಲ ಬರಲೇ ಇಲ್ಲ.

ಇದಿಷ್ಟನ್ನೂ ಸೂಜಿಗೆ ಹೇಳಿದೆ. ಯಾಕೆ ಅನ್ನುವುದನ್ನು ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ತೊಟ್ಟಿಯ ಅಂಚಿನಿಂದ ಎದ್ದು, "ನೀವು ಈ ಕೆಲಸ ಮಾಡ್ತೀರಿ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ" ಎಂದು ಹೋದಳು. ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು ನನಗೆ.

ಮಾರನೇ ಬೆಳಿಗ್ಗೆ ಹಿಂದಿನ ಬಾಗಿಲು ತೆಗೆದು ಆ ಗುಡ್ಡೆಯ ಮುಂದೆ ನಿಂತೆ. ಹಳೆಯ ಕುಂಡದ ಮಣ್ಣು, ಒಡೆದ ಟ್ರೇ, ಬೇರಿನ ಗಂಟುಗಳು. ಸುರಿದಾಗ ಬಾಡಿದ ಸಸಿಗಳು ಸತ್ತಿರುತ್ತವೆ. ಆದರೆ ಅವುಗಳ ಒಡಹುಟ್ಟಿದವು? ಗಟ್ಟಿ ಗಿಡಗಳು ಅಲ್ಲೇ ಬೇರು ಬಿಟ್ಟು ಹೂವಾಗಿದ್ದರೆ, ಬೀಜ ಉದುರಿಸಿದ್ದರೆ? ಕಳೆಯ ಜಾತಿ, ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ನಾನು ಜರಡಿ ತಂದೆ.

ನಾಲ್ಕು ದಿನ ಜರಡಿ ಹಿಡಿದೆ. ಸೊಂಟ ಬಿದ್ದುಹೋಯಿತು. ಎರಡನೇ ದಿನ ಸೂಜಿ ಬಂದು ಇನ್ನೊಂದು ಜರಡಿ ತೆಗೆದುಕೊಂಡಳು. ನಲವತ್ತು ಟ್ರೇಗೆ ಮಣ್ಣು ಹರಡಿದೆವು. ಒಂದು ವಾರಕ್ಕೆ ಮೊಳಕೆ ಬಂತು. ಹುಲ್ಲು, ಯಾವ್ಯಾವುದೋ ಗಿಡಗಳ ಬೀದಿಮಕ್ಕಳು, ನಡುನಡುವೆ ನಮ್ಮ ಕಳೆ. ಅಲ್ಲದ್ದನ್ನೆಲ್ಲ ಚಿಮಟದಿಂದ ಒಂದೊಂದಾಗಿ ಕಿತ್ತೆವು. ಮುಚ್ಚಳ ತೆಗೆಯುವ ದಿನ ನಲವತ್ತೂ ಟ್ರೇಗೆ ನೀರು ಕೊಟ್ಟು ಕಣ್ಣಲ್ಲಿ ಕಣ್ಣಿಟ್ಟು ಕಾದೆವು. ಬಾಡಲಿ ದೇವರೇ, ಒಂದಾದರೂ ಬಾಡಲಿ ಎಂದು ಬೇಡಿಕೊಂಡೆ. ಹುಟ್ಟಿದ ಮೇಲೆ ಇಂಥ ಬೇಡಿಕೆ ಬೇಡಿದವಳಲ್ಲ ನಾನು.

ಮೊದಲ ದಿನ ಏನೂ ಇಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಸೂಜಿ ಕಿರುಚಿದ್ದು ಕೇಳಿ ಕೈಲಿದ್ದ ಬಕೆಟ್ ಬಿಟ್ಟು ಓಡಿದೆ. ಮೂವತ್ತೊಂದನೇ ಟ್ರೇಯಲ್ಲಿ ಎರಡು ಸಸಿ ತಲೆ ಜೋಲಿಸಿದ್ದವು. ಅವುಗಳ ಎಲೆ ಒದ್ದೆ ಕಾಗದದ ಹಾಗೆ ಜೋತುಬಿದ್ದಿತ್ತು.

ದೊಡ್ಡವರು ಮಧ್ಯಾಹ್ನವೇ ವಿಚಾರಣಾ ಸಮಿತಿಯ ಇಬ್ಬರು ಸದಸ್ಯರ ಜೊತೆ ಬಂದರು. ಬರುವ ಮೊದಲು ಸೂಜಿ ನನ್ನ ಕೈ ಹಿಡಿದು, "ನೀವೇನೂ ಮಾತಾಡ್ಬೇಡಿ ಅಕ್ಕ. ಪೊಟ್ಟಣ ಅದಲುಬದಲಾಯ್ತು ಅಂತ ನಾನೇ ಹೇಳ್ತೀನಿ" ಎಂದಿದ್ದಳು.

ದೊಡ್ಡವರು ಸಸಿಯನ್ನು ನೋಡಿ ಹುಬ್ಬು ಗಂಟಿಕ್ಕಿದರು. "ನೀರು ಹಾಕಿಲ್ಲ ಇದಕ್ಕೆ."

ನನಗೆ ರೇಗಿಹೋಯಿತು. ಇಪ್ಪತ್ತಾರು ವರ್ಷದ ಕೈಗೆ ಈ ಮಾತೇ? "ಬೆರಳು ಇಡಿ ಸಾರ್" ಎಂದೆ. ಅವರು ಹಿಂದೆಮುಂದೆ ನೋಡಿದಾಗ ನಾನೇ ಅವರ ತೋರುಬೆರಳು ಹಿಡಿದು ಸಸಿಯ ಬುಡಕ್ಕೆ ಒತ್ತಿದೆ. ಬೆರಳು ಗಿಣ್ಣಿನವರೆಗೆ ಇಳಿಯಿತು, ಸುತ್ತ ನೀರು ಜಿನುಗಿತು. ಅವರು ಕೆಸರಾದ ಬೆರಳನ್ನು ನೋಡಿಕೊಂಡರು.

ಸೂಜಿ ಒಂದು ಸಸಿಯ ಬೇರನ್ನು ಬ್ಲೇಡಿನಿಂದ ಹೆರೆದು ಗಾಜಿನ ಮೇಲಿಟ್ಟಳು. ದೊಡ್ಡವರು ಬಹಳ ಹೊತ್ತು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರು. ನಡುವಿನ ಕೋಶಗಳೆಲ್ಲ ತುಂಬಿಕೊಂಡೇ ಕೂತಿದ್ದವು. ಒಂದೂ ಖಾಲಿಯಾಗಿರಲಿಲ್ಲ.

"ನೀವು ಬರೆದಿದ್ದು ನಿಜ" ಎಂದರು ಸೂಜಿಗೆ. "ಆದ್ರೆ ಅವರಿಗೆ ಹೋದ ಬೀಜ ಯಾವುದು?"

"ಪೊಟ್ಟಣ ಅದಲುಬದಲಾಗಿ, ನನ್ನ ಉಸ್ತುವಾರಿ ಸಾಲದೆ..." ಎಂದು ಅವಳು ಶುರುಮಾಡಿದಳು.

"ಅದಲುಬದಲಲ್ಲ ಸಾರ್" ಎಂದೆ. "ನಾನೇ ಮಾಡಿದ್ದು. ಬಾಡಿದ ಟ್ರೇ ಎಸೆದೆ, ಚೆನ್ನಾಗಿದ್ದಿದ್ರ ಬೀಜ ಹಿಡಿದೆ, ಹಳೇ ನಂಬರು ಬರೆದೆ. ಮೇಡಮ್‌ಗೆ ಗೊತ್ತಿರ್ಲಿಲ್ಲ."

"ಗೊತ್ತಿದ್ದೂ ಮಾಡಿದ್ರಾ?"

"ಗೊತ್ತಿದ್ದೂ ಮಾಡಿದೆ."

"ಯಾಕೆ?"

ಎರಡು ವರ್ಷ ನನ್ನ ಮಕ್ಕಳಿಗೂ ಹೇಳದ್ದು ಅದು. "ಮನೇಲಿ ನಮ್ಮನೆಯವರಿಗೆ ನುಂಗೋಕೆ ಆಗ್ತಿರ್ಲಿಲ್ಲ. ಲೋಟ ಪಕ್ಕದಲ್ಲೇ ಇರ್ತಿತ್ತು. ನೀರು, ನೀರು ಅಂತ ಕಣ್ಣಲ್ಲೇ ಕೇಳೋರು. ಹತ್ತಿ ಅದ್ದಿ ತುಟಿಗೆ ಒತ್ತೋದು ಬಿಟ್ರೆ ನನ್ನ ಕೈಲಿ ಏನೂ ಆಗ್ತಿರ್ಲಿಲ್ಲ. ಅಲ್ಲಿಂದ ಎದ್ದು ಇಲ್ಲಿಗೆ ಬಂದ್ರೆ ಇವೂ ಹಾಗೇ, ನೀರಲ್ಲಿ ನಿಂತ್ಕೊಂಡು ಸಾಯ್ತಿದ್ವು. ನೋಡಕ್ಕಾಗ್ಲಿಲ್ಲ ಸಾರ್. ಅವರು ಹೋದ ಹೊತ್ತಲ್ಲಿ ನಾನು ಇಲ್ಲಿ ಟ್ರೇ ತೊಳೀತಿದ್ದೆ. ಅದನ್ನೂ ನೋಡಕ್ಕಾಗ್ದೆ ಎದ್ದು ಬಂದಿದ್ದೆ."

ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ದೊಡ್ಡವರು ಕೆಟ್ಟವರಲ್ಲ. ಆದರೂ ಬೀಜದ ಬೀರು ಇನ್ನು ನನ್ನ ಕೈಯಲ್ಲಿರುವ ಹಾಗಿಲ್ಲ ಎಂದರು. ಗಾಜಿನ ಮನೆಯಿಂದ ಕಚೇರಿಯ ಮುಂದಿನ ತೋಟಕ್ಕೆ ವರ್ಗ. ಇದನ್ನು ಆ ಪ್ರಯೋಗಾಲಯಕ್ಕೂ ಬರೆಯಬೇಕು ಎಂದರು. ನಾನು ಸೊಂಟದಿಂದ ಬೀಗದಕೈ ಬಿಚ್ಚಿ ಕೊಟ್ಟೆ. ಅನ್ಯಾಯ ಅಂತ ಅನ್ನಿಸಲಿಲ್ಲ.

ಅವರು ಹೋದ ಮೇಲೆ ಸೂಜಿ ನನ್ನ ಭುಜಕ್ಕೆ ತಲೆಯಿಟ್ಟು ಅತ್ತಳು. ಅತ್ತು ಮುಗಿಸಿ ಮೂವತ್ತೊಂದನೇ ಟ್ರೇಯ ಕಡೆ ನೋಡಿದಳು. ಉಳಿದ ಇನ್ನೊಂದು ಸಸಿ ಪೂರ್ತಿ ಬಾಗಿತ್ತು. ಸುತ್ತಲಿನ ಹಸಿರು ಗಿಡಗಳಿಂದ ಇನ್ನು ಅವಳೇ ಬೀಜ ಹಿಡಿಯಬೇಕು.

"ನಂಗೆ ಬರಲ್ಲ ಅಕ್ಕಾ" ಎಂದಳು. "ನಾಳೆಯಿಂದ ನಾನು ಏನು ಮಾಡ್ಲಿ?"

"ಎಲ್ಲಕ್ಕೂ ಸಮನಾಗಿ ನೀರು ಹಾಕು" ಎಂದೆ. "ಬಾಡ್ತಿರೋದನ್ನ ಕೀಳ್ಬೇಡ. ಅದು ಹೋಗೋವರೆಗೂ ಪಕ್ಕದಲ್ಲಿರು."