ದುಂಡವ್ವನ ಬೆನ್ನಿನ ಬರೆ

"ಚಳಿ ಆಗತೈತ್ರಿ" ಎಂದು ದುಂಡವ್ವ ಬೆನ್ನಿನ ಮೇಲಿನ ಸೆರಗು ಬಿಗಿ ಹಿಡಿದಳು. ಚಿಕ್ಕೋಡಿಯ ಆಸ್ಪತ್ರೆಯಲ್ಲಿ, ಮೇ ತಿಂಗಳಲ್ಲಿ ಚಳಿಯಂತೆ! ಅರಿವಳಿಕೆ ಕೊಡುವ ಡಾಕ್ಟರು ಮಸರತ ನಗುತ್ತಲೇ ಸೆರಗು ಸರಿಸಿದರು. ನಗು ಅಲ್ಲಿಗೇ ನಿಂತಿತು. ಸೊಂಟದ ಮೇಲೆ, ಬೆನ್ನೆಲುಬಿನ ಎರಡೂ ಮಗ್ಗುಲಿಗೆ ಮೂರು ಮೂರು ಬರೆ. ಹಸಿ ಗಾಯ, ಕೀವು ಬೇರೆ.

"ಯಾರ ಮಾಡಿದ್ರಿದನ್ನ ಆಯಿ?"

"ತಮ್ಮ ಹಾಕ್ಯಾನ್ರಿ. ಐದ ದಿನ ಆತು. ಪ್ರೀತೀಲೆ ಹಾಕ್ಯಾನ್ರಿ ಪಾಪ."

ಪ್ರೀತಿಯಿಂದಲೇ, ಸುಳ್ಳಲ್ಲ. ದಿಗ್ಗೇವಾಡಿಯ ಬೀರದೇವ ಕುರಿಗೆ ಕಾಲು ಹಿಡಿದರೂ ಬರೆ, ಮನುಷ್ಯರಿಗೆ ಸೊಂಟ ಹಿಡಿದರೂ ಬರೆ ಎನ್ನುವ ಆಸಾಮಿ. ಅಕ್ಕನ ಬೆನ್ನು ಕೊಯ್ಯುತ್ತಾರೆಂದು ಕೇಳಿದಾಗಿನಿಂದ ಆತನಿಗೆ ಗಂಟಲಲ್ಲಿ ರೊಟ್ಟಿ ಇಳಿದಿರಲಿಲ್ಲ. ಕೊಯ್ಯುವ ಮೊದಲು ತಾನೂ ಒಂದು ಕೈ ನೋಡೋಣವೆಂದು ಕುಡಗೋಲು ಕಾಸಿದ. ದುಂಡವ್ವ ಬೇಡ ಎನ್ನಬಹುದಿತ್ತು. ತಮ್ಮನ ಮುಖ ನೋಡಿ ಬೋರಲು ಮಲಗಿದಳು. ಆರು ಸಲ ಕಬ್ಬಿಣ ಚುರ್ರೆಂದರೂ ಹುಂ ಇಲ್ಲ, ಹಾಂ ಇಲ್ಲ. ಅರವತ್ತೊಂಬತ್ತು ವರ್ಷದಲ್ಲಿ ಆಕೆ ನೋವೆಂದು ಬಾಯಿ ಬಿಟ್ಟವಳೇ ಅಲ್ಲ. ಆ ಮನೆತನದಲ್ಲಿ ಅದೊಂದು ದೊಡ್ಡ ಮರ್ಯಾದೆ. ಸುಡುಗಾಡು ಮರ್ಯಾದೆ!

"ನಾಳೆ ಆಪರೇಶನ್ ಆಗಂಗಿಲ್ಲ" ಎಂದರು ಮಸರತ. "ಕೊಯ್ಯೂದು ಇದರ ನಡುವ, ನಾ ಸೂಜಿ ಹಾಕೂದೂ ಇಲ್ಲೇ. ಕೀವು ಒಳಗ ಹೋದ್ರ ಕತಿ ಮುಗೀತು."

ದುಂಡವ್ವ ಆಪರೇಶನ್ನಿಗೆ ಒಪ್ಪಿದ್ದೇ ಆ ಸೂಜಿಯನ್ನು ನಂಬಿ. ಎರಡು ವರ್ಷದ ಹಿಂದೆ ಗಂಡ ಗಂಗಾರಾಮನ ತೊಡೆಯೆಲುಬು ಮುರಿದು ಆಪರೇಶನ್ ಆಗಿತ್ತು. ನೋವಿಗೆಂದು ಜೋರಿನ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಬಿದ್ದವು. ಎಚ್ಚರಾದವನು ಐವತ್ತು ವರ್ಷ ಬಾಳಿದ ಹೆಂಡತಿಯನ್ನು ನೋಡಿ "ನೀ ಯಾರಬೇ?" ಎಂದ. ತಿಂಗಳಾದ ಮೇಲೆ ಸತ್ತ, ಅಲ್ಲಿಯವರೆಗೂ ಅದೇ ಪ್ರಶ್ನೆ. ಕಾಲು ಹೋದರೂ ಸೈ, ತನ್ನವರ ಗುರುತು ಹೋಗಬಾರದೆಂದು ದುಂಡವ್ವ, ಬೆನ್ನಿನಲ್ಲಿ ನರ ಒತ್ತಿ ಕಾಲು ಸೋತಿದ್ದರೂ, ಒಂದು ವರ್ಷ ಕಾಲೆಳೆದುಕೊಂಡೇ ತಿರುಗಿದ್ದಳು.

ಸೂಜಿಯ ವಿಷಯ ಮಸರತ ಮೊದಲೇ ಬಿಡಿಸಿ ಹೇಳಿದ್ದರು. "ನಿಮಗ ಪೂರ್ತಿ ನಿದ್ದಿ ಬರಿಸಿದ ಮ್ಯಾಲ, ಮಷಿನ್ನಿನ ಪರದೇದಾಗ ನೋಡ್ಕೋತ ಬೆನ್ನಿನ ಎರಡೂ ಬಾಜೂಕ ಒಂದೊಂದು ಸೂಜಿ ಹಾಕ್ತೇನಿ. ನೋವು ಒಯ್ಯೂ ನರಾ ಅರ್ಧಾ ದಿನ, ಒಮ್ಮೊಮ್ಮೆ ಇನ್ನೂ ಜಾಸ್ತಿ, ಮರಗಟ್ಟತಾವ. ಜೋರಿನ ಇಂಜೆಕ್ಷನ್ ಕಡಿಮಿ ಸಾಕಾಗ್ತಾವ. ಖಾತ್ರಿ ಕೊಡಂಗಿಲ್ಲ ಆಯಿ, ವಯಸ್ಸಾದವರಿಗೆ ಭ್ರಮೆ ಆಗಾಕ ಕಾರಣ ಹತ್ತು ಅದಾವ. ಅದರಾಗ ಒಂದನ್ನ ನಾ ಹಗರ ಮಾಡ್ತೇನಿ. ಆದ್ರ ಮರಗಟ್ಟಿದ್ದು ಇಳಿಯೂ ಮುಂದ, ನೋವು ಸಣ್ಣದಿದ್ದಾಗನ ಹೇಳಬೇಕು. ತಡದು ತಡದು ದೊಡ್ಡದಾತಂದ್ರ ಮತ್ತ ಜೋರಿನ ಔಷಧಾನ ಬೇಕಾಗತೈತಿ."

ಆಪರೇಶನ್ ಮುಂದೆ ಹೋಗಿ ದುಂಡವ್ವ ಊರಿಗೆ ಮರಳಿದಳು. ಹದಿನೈದು ದಿನಕ್ಕೆ ನಡುವಿನ ಚರ್ಮ ಸ್ವಚ್ಛವಾಯಿತು, ಸೂಜಿ ಬೀಳುವ ಮಗ್ಗುಲಿನ ಎರಡು ಬರೆ ಮಾತ್ರ ಹಸಿಯಾಗಿಯೇ ಇದ್ದವು. ಸೂಜಿ ಬಿಟ್ಟು ಈಗಲೇ ಮಾಡಬಹುದು ಎಂದರು ಸರ್ಜನ್. ಸೊಸೆ ಅನುಸೂಯಾ, "ಹುಂ ಅನ್ನರಿ ಅತ್ತಿ, ಅಂಗಳ ದಾಟಾಕ ಆಗವಲ್ದು ನಿಮಗ" ಎಂದು ಗೋಗರೆದಳು.

"ತೆವಳತೇನಿ, ಆದ್ರ ಸೂಜಿ ಇಲ್ಲದ ಮಲಗಂಗಿಲ್ಲ" ಎಂದಳು ದುಂಡವ್ವ. ಮತ್ತೆ ಹನ್ನೆರಡು ದಿನ ಗೋಡೆ ಹಿಡಿದೇ ಓಡಾಡಿದಳು. ಎಣ್ಣೆ, ಸೊಪ್ಪು, ಅರಿಷಿಣ ಹಿಡಿದುಕೊಂಡು ಬಂದ ಓಣಿಯವರನ್ನೆಲ್ಲ ಹೊಸ್ತಿಲಲ್ಲೇ ಗದರಿಸಿ ಕಳಿಸಿದಳು.

ಬರೆ ಒಣಗಿ, ಕೊನೆಗೂ ಸೂಜಿ ಹಾಕಿಯೇ ಆಪರೇಶನ್ ಆಯಿತು. ಕಣ್ಣು ಬಿಟ್ಟಾಗ ಮಸರತ ಎದುರಿಗಿದ್ದರು. "ಆಯಿ, ಇವರ್ಯಾರು?"

ದುಂಡವ್ವ ಕತ್ತು ಹೊರಳಿಸಿದಳು. "ಅನುಸೂಯಾ. ನನ್ನ ಸೊಸಿ. ಮುಂಜಾನಿಂದ ಏನೂ ತಿಂದಿಲ್ಲ ಆಕಿ, ಮಾರಿ ನೋಡ್ರಿ." ಅನುಸೂಯಾ ಅಲ್ಲೇ ಬಿಕ್ಕಿದಳು.

ಮರುದಿನ ಬೆಳಿಗ್ಗೆ ಬೀರದೇವ ಬಂದ. ಪಕ್ಕದ ಮಂಚದವರಿಗೆಲ್ಲ ಅಕ್ಕನ ವರ್ಣನೆ ಸುರುವಾಯಿತು. "ನಮ್ಮಕ್ಕಂದು ಕಲ್ಲಿನಂಥಾ ಜೀವರಿ. ಆರು ಬರಿ ಹಾಕೇನಿ, ಪಿಟ್ ಅಂದಿಲ್ಲ!"

ಬೆನ್ನಿನ ಒಳಗೆ ಸಣ್ಣಗೆ ಉರಿ ಏಳುತ್ತಿತ್ತು. ರೂಢಿಯಂತೆ ದುಂಡವ್ವ ಹಲ್ಲು ಕಚ್ಚಿದಳು. ಕಚ್ಚಿದವಳು, ಗಂಗಾರಾಮನ ಆ ಖಾಲಿ ಕಣ್ಣು ನೆನಪಾಗಿ ಬಾಯಿ ತೆರೆದಳು. "ಅನುಸೂಯಾ, ನರ್ಸಬಾಯಿನ್ನ ಕರಿ. ನೋವು ಸುರು ಆಗೇತಿ."

ಬೀರದೇವ ಬೆಚ್ಚಿದ. "ಅಕ್ಕಾ, ನಿನಗ ನೋವ?"

"ಹೂಂ. ನೀ ಬರಿ ಹಾಕಿದಾಗೂ ಆಗಿತ್ತು. ಆರಕ್ಕ ಆರೂ."

ಬೀರದೇವ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. "ಒಂದ ಮಾತು ಹೇಳಬಾರದಿತ್ತೇನಬೇ?"

"ಹೇಳಿದ್ರ ನೀ ನಿಲ್ಲಸ್ತಿದ್ದಿ. ಹೇಳಲಿಲ್ಲ ನಾ, ಅದು ನನ್ನ ತಪ್ಪು."

ನರ್ಸು ಬಂದು ಸಾದಾ ನೋವಿನ ಔಷಧಿಯನ್ನೇ ಸಲಾಯಿನ್ನಿನಲ್ಲಿ ಬಿಟ್ಟಳು. ತಾಸೊಪ್ಪತ್ತಿನಲ್ಲಿ ಉರಿ ತಗ್ಗಿತು. ಮಸರತ ನಡೆಯಲು ಹೇಳಿದರು. ದುಂಡವ್ವ ತಮ್ಮನ ಹೆಗಲು ಹಿಡಿದು ಎದ್ದಳು. ಒಂದು, ಎರಡು, ಮೂರು ಹೆಜ್ಜೆ ಇಟ್ಟಳು. ನಾಲ್ಕನೆಯದಕ್ಕೆ ತಡೆದು ನಿಂತಳು.

"ನೋವಾತೇನಕ್ಕಾ?" ಎಂದ ಬೀರದೇವ. ಊರಿನ ಅರ್ಧ ಬೆನ್ನುಗಳಿಗೆ ಬರೆ ಎಳೆದವನು, ಹುಟ್ಟಿದಾಗಿನಿಂದ ಯಾರನ್ನೂ ಹಾಗೆ ಕೇಳಿರಲಿಲ್ಲ.

"ಸ್ವಲ್ಪ ಆತು" ಎಂದಳು ದುಂಡವ್ವ. "ನಡಿ."