ಜೌಗಿನ ಮೇಲೆ ಜಲ್ಲಿ

ಶವದ ವಾಹನದಿಂದ ಮಗಳು ಇನ್ನೂ ಒಂದು ಕಾಲು ಕೆಳಗಿಟ್ಟಿದ್ದಳಷ್ಟೆ, ವಿಶ್ವವಿದ್ಯಾಲಯದ ಸಭಾಭವನದ ಹಿಂದೆ ಲಾರಿಯೊಂದು ದಡದಡನೆ ಜಲ್ಲಿ ಸುರಿಯಿತು. ಅಪ್ಪನನ್ನು ಮಲಗಿಸಿದ್ದ ಸ್ಟ್ರೆಚರಿನ ತಲೆಯ ಕಡೆಯ ಹಿಡಿಕೆಯನ್ನು ಸೋದರಮಾವನ ಕೈಗೆ ಕೊಟ್ಟು, "ಎಲ್ಲಿಗೇ?" ಎಂದು ಅವನು ಕೇಳುತ್ತಿದ್ದಂತೆಯೇ ಹಿಂದಕ್ಕೆ ಓಡಿದಳು.

ಜೌಗು ಇದ್ದ ಜಾಗದಲ್ಲಿ ಜೌಗು ಇರಲಿಲ್ಲ. ಆಳೆತ್ತರದ ಜೊಂಡನ್ನು ಯಂತ್ರದಿಂದ ಮಗುಚಿ, ತುಳಿಸಿ, ಮೇಲೆ ಕಲ್ಲು ಹರಡಿ, ಆಗಲೇ ಸಾಲಾಗಿ ಕಾರು ನಿಲ್ಲಿಸಿದ್ದರು. ವಿಶ್ವವಿದ್ಯಾಲಯದ ಜಾಗ, ಕಟ್ಟಡ ನೋಡಿಕೊಳ್ಳುವ ಎಸ್ಟೇಟ್ ಅಧಿಕಾರಿ ಮದುವೆ ಮನೆಯ ಯಜಮಾನನಂತೆ ಕೈಬೀಸುತ್ತಿದ್ದ.

"ಬನ್ನಿ, ಬನ್ನಿ, ಇನ್ನೂ ಸ್ವಲ್ಪ ಹಿಂದಕ್ಕೆ!"

"ಏನ್ ಸಾರ್ ಇದು? ಯಾರು ಹೇಳಿದ್ರು ನಿಮಗೆ?"

"ನೀವೇ ಅಲ್ವೇನಮ್ಮಾ? ಬೆಳಿಗ್ಗೆ ಫೋನ್ ಮಾಡಿದ್ನಲ್ಲ. ಮೇಷ್ಟ್ರನ್ನ ನೋಡೋಕೆ ಊರಿಗೆ ಊರೇ ಬರುತ್ತೆ, ಗಾಡಿಗಳಿಗೆ ಹಿಂದಿನ ಜಾಗ ಸರಿ ಮಾಡಿಸ್ಲಾ ಅಂದೆ. ಮಾಡಿಸಿ ಅಂದ್ರಿ."

ಫೋನು ಬಂದದ್ದು ನಿಜ. ಅವಳಾಗ ಒದ್ದೆ ಬಟ್ಟೆಯಿಂದ ಅಪ್ಪನ ಮುಖ ಒರೆಸುತ್ತಿದ್ದಳು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದಳು. ಸಭಾಭವನವನ್ನೇ ಕೆಡವಲೇ ಎಂದು ಕೇಳಿದ್ದರೂ ಮಾಡಿಸಿ ಅನ್ನುತ್ತಿದ್ದಳೇನೋ.

*

ಅಪ್ಪ ಪ್ರಾಣಿಶಾಸ್ತ್ರದ ಅಧ್ಯಾಪಕ. ಹುಡುಗರಿಂದ ಹಿಡಿದು ಕಾವಲುಗಾರರವರೆಗೆ ಎಲ್ಲರ ಬಾಯಲ್ಲೂ ಕಪ್ಪೆ ಮೇಷ್ಟ್ರು. ಜೌಗನ್ನು ಮುಚ್ಚಿ ಗಾಡಿ ನಿಲ್ಲಿಸುವ ಜಾಗ ಮಾಡುವ ಯೋಚನೆ ಕುಲಪತಿ ಬದಲಾದಾಗೆಲ್ಲ ಮೇಲೇಳುತ್ತಿತ್ತು. ಆಗೆಲ್ಲ ಅವರು ಲಾರಿಗೆ ಅಡ್ಡ ನಿಂತು, ಮೀಟಿಂಗುಗಳಲ್ಲಿ ಜಗಳ ತೆಗೆದು, ಕಂಡಕಂಡವರ ಕಣ್ಣಿಗೆ ಕಸವಾಗಿದ್ದರು. ವಿಭಾಗದ ಮುಖ್ಯಸ್ಥನ ಕುರ್ಚಿ ಅವರ ಶಿಷ್ಯನ ಪಾಲಾಯಿತು.

ಬೀಗರಾಗುವವರು ಮೊದಲ ಸಲ ಊಟಕ್ಕೆ ಬಂದ ದಿನವೂ ಅವರು ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡೇ ಒಳಗೆ ಕಾಲಿಟ್ಟಿದ್ದರು. ಅತಿಥಿಗಳು ಹೋದದ್ದೇ ತಡ, ಮಗಳು ಸಿಡಿದಿದ್ದಳು.

"ಆ ಕೊಚ್ಚೇನೇ ಮಗಳು ಅಂದ್ಕೊಂಡು ಇದ್ದುಬಿಡಪ್ಪ!"

"ನಿನ್ನ ಪರ ಮಾತಾಡೋಕೆ ಹತ್ತು ಜನ ಇದ್ದಾರೆ ಪುಟ್ಟಿ. ಅದಕ್ಕೆ ನಾನೊಬ್ಬನೇ."

ಅವಳು ಅದನ್ನು ಕ್ಷಮಿಸಲಿಲ್ಲ. ಮೊನ್ನೆ ಮೊನ್ನೆ, ಹಾಸಿಗೆಯಲ್ಲಿ ಉಸಿರಿಗೆ ಒದ್ದಾಡುತ್ತ, "ಜೌಗು ನೋಡ್ಕೋತೀಯಾ?" ಎಂದು ಅವರು ಕೇಳಿದಾಗ, ರಚ್ಚೆ ಹಿಡಿದ ಮಗುವಿಗೆ ಹೇಳುವಂತೆ, "ನೋಡ್ಕೋತೀನಿ, ಮಲಕ್ಕೋ" ಅಂದಿದ್ದಳು. ಅವರು ಅದನ್ನು ನಂಬಿ ಕಣ್ಣು ಮುಚ್ಚಿದ್ದರು.

*

ಸಭಾಭವನದಲ್ಲಿ ಕುಲಪತಿ ಮಾತಾಡುತ್ತಿದ್ದರು. ಈ ಕ್ಯಾಂಪಸ್ಸಿನ ಒಂದೊಂದು ಎಲೆಯೂ ಇಂದು ಅನಾಥವಾಗಿದೆ ಅಂದರು. ಬಾಡಿಗೆಗೆ ತಂದ ಕುಂಡಗಳ ಮಧ್ಯೆ ಅಪ್ಪ ತೆಪ್ಪಗೆ ಮಲಗಿದ್ದರು.

ಅಮ್ಮ ಮಗಳ ಕಿವಿಯ ಹತ್ತಿರ ಬಗ್ಗಿದಳು. "ನಿಮ್ಮಪ್ಪನಿಗೆ ತಲೆ ಕೆಟ್ಟಿದೆ ಅಂದಿದ್ದು ಇವನೇ ಅಲ್ವೇನೇ?"

"ಇವನೇ ಅಮ್ಮ."

"ಚೆನ್ನಾಗಿ ಮಾತಾಡ್ತಾನೆ." ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಆಗ ಹಿಂದುಗಡೆ ಏನೇ ಸದ್ದು?"

"ಏನಿಲ್ಲಮ್ಮ."

ಅವಳು ಎದ್ದು ಬಾಗಿಲ ಬಳಿ ನಿಂತಿದ್ದ ಅಧಿಕಾರಿಯ ಹತ್ತಿರ ಹೋದಳು.

"ಎಲ್ಲ ಮುಗಿದ ಮೇಲೆ ಜಲ್ಲಿ ತೆಗೆಸ್ತೀರಾ? ಇವತ್ತೇ?"

"ಹಾಕಿದಷ್ಟು ಸುಲಭಾನಮ್ಮಾ ತೆಗೆಯೋದು? ಅಡಿಯಲ್ಲಿ ಏನು ಉಳಿದಿರುತ್ತೆ ಹೇಳಿ. ಹೊಟ್ಟೆಗೆ ಹಾಕ್ಕೊಳ್ಳಿ." ಅವನು ದನಿ ತಗ್ಗಿಸಿದ. "ಮೇಷ್ಟ್ರ ಹೆಸರನ್ನೇ ಇಡೋಣ ಅಂತ ಕುಲಪತಿಗಳು ಹೇಳ್ತಿದ್ರು."

"ಯಾವುದಕ್ಕೆ?"

"ಪಾರ್ಕಿಂಗಿಗೆ. ಮನೆಯವರೇ ಒಪ್ಪಿ ಕೊಟ್ಟಿರೋ ಜಾಗ ಅಂದ್ರೆ ಇನ್ಯಾರೂ ತಕರಾರು ಎತ್ತಲ್ಲ ನೋಡಿ."

ಅಷ್ಟು ವರ್ಷ ಅಷ್ಟು ಕುಲಪತಿಗಳ ಕೈಲಾಗದ್ದನ್ನು ಅವಳು ಫೋನಿನಲ್ಲಿ ಒಂದು ಮಾತಿಗೆ ಮುಗಿಸಿಕೊಟ್ಟಿದ್ದಳು.

*

ಅಪ್ಪನನ್ನು ಮಣ್ಣು ಮಾಡಿದ ಮೇಲೆ ಬಂದವರೆಲ್ಲ ಚದುರಿದರು. ಅಮ್ಮನನ್ನು ಸೋದರಮಾವನ ಜೊತೆ ಮನೆಗೆ ಕಳಿಸಿ, ಮಗಳು ಒಬ್ಬಳೇ ಹಿಂದಿರುಗಿ ಬಂದಳು. ಕಾರುಗಳು ಹೋಗಿ ಜಾಗ ಖಾಲಿ ಬಿದ್ದಿತ್ತು. ಒಂದು ಅಂಚಿನಲ್ಲಿ ಮಂಡಿಯೂರಿ ಕೂತು ಕಲ್ಲುಗಳನ್ನು ಕಿತ್ತು ಕಿತ್ತು ಪಕ್ಕಕ್ಕೆ ಎಸೆಯತೊಡಗಿದಳು. ಉಗುರು ಮುರಿದು ಬೆರಳಲ್ಲಿ ರಕ್ತ ಬಂತು. ಕೊನೆಗೊಮ್ಮೆ ಕೈಗೆ ಒದ್ದೆ ತಗುಲಿತು. ಅಪ್ಪಚ್ಚಿಯಾದ ಜೊಂಡಿನ ನಡುವೆ ಬೊಗಸೆಯಷ್ಟು ಕೆಸರು ನೀರು ಮೆಲ್ಲಗೆ ಒಸರತೊಡಗಿತು. "ಅಪ್ಪಾ" ಎಂದು ಅವಳು ಆವತ್ತು ಮೊದಲ ಸಲ ಬಾಯಿಬಿಟ್ಟು ಅತ್ತಳು.

ಹಿಂದೆ ಹಾರನ್ ಕೇಳಿಸಿತು. ಸ್ಕೂಟರಿನ ಮೇಲೆ ಕೂತಿದ್ದ ವಿದ್ಯಾರ್ಥಿನಿಯೊಬ್ಬಳು ತುಂಬ ಮರ್ಯಾದೆಯಿಂದಲೇ ಕೇಳಿದಳು.

"ಆಂಟೀ, ಸ್ವಲ್ಪ ಸರೀತೀರಾ?"

ಅವಳ ಹಿಂದೆ ಇನ್ನೆರಡು ಗಾಡಿಗಳು ದಾರಿಗಾಗಿ ಕಾಯುತ್ತಿದ್ದವು.