ಎದುರುಬದುರು ಕೂತವರ ಸಾಣೆ

ನಾನು ಸಾಣೆ ಹಿಡಿಯುವ ಯಂತ್ರ. ಯಂತ್ರವೆಂದರೆ ದೊಡ್ಡ ಮಾತಾಯಿತು. ಜಾಲಿಮರದ ಚೌಕಟ್ಟು, ಅದರೊಳಗೆ ಹಳೆಯ ಸೈಕಲ್ ಗಾಲಿ, ಕೆಳಗೆ ತುಳಿಯುವ ಹಲಗೆ, ಮೇಲೆ ಬೆಲ್ಟಿನಿಂದ ತಿರುಗುವ ಸಾಣೆಕಲ್ಲು. ಬೆಟಗೇರಿಯ ಬಡಿಗನೊಬ್ಬ ನನ್ನನ್ನು ಮಾಡಿ ಸಾಣೆ ಹಿಡಿದು ಬದುಕುವ ಸಿಕ್ಕಲಗಾರರ ಓಣಿಯ ಮುದುಕನೊಬ್ಬನಿಗೆ ಕೊಟ್ಟ. ಮುದುಕ ಕೆಲವು ವರ್ಷ ನನ್ನನ್ನು ಹೊತ್ತು ತಿರುಗಿದ. ಆಮೇಲೆ ಮಗ ದಾವಲಸಾಬನ ಹೆಗಲಿಗೆ ದಾಟಿಸಿದ.

ನನಗೆ ಮನುಷ್ಯರ ಪರಿಚಯ ಕಾಲಿನಿಂದ. ದಾವಲಸಾಬನ ಬಲಗಾಲು ಹಲಗೆಯ ಮೇಲೆ ಬಿತ್ತೆಂದರೆ ಅವನ ಅಂದಿನ ಮನಸ್ಸು ನನಗೆ ತಿಳಿಯುತ್ತಿತ್ತು. ಮಗಳು ಹುಟ್ಟಿದ ದಿನ ಅದು ಹಗುರವಾಗಿತ್ತು. ತಂದೆಯನ್ನು ಮಣ್ಣು ಮಾಡಿ ಬಂದ ವಾರ, ಕಲ್ಲು ಕಟ್ಟಿಕೊಂಡ ಹಾಗಿತ್ತು. "ಸಾಣೇ, ಕತ್ತರಿ ಚಾಕು ಸಾಣೇ" ಎಂದು ಕೂಗುತ್ತ ನೇಕಾರರ ಓಣಿ, ದರ್ಜಿಗಳ ಸಾಲು, ಕಸಾಯಿ ಅಂಗಡಿ ಎಲ್ಲ ಸುತ್ತುತ್ತಿದ್ದೆವು. ಅವನ ಹೆಂಡತಿ ಮಾಬೂಬಿ ಮನೆಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತಿದ್ದಳು. ಆ ಮನೆ ಅವರಿಬ್ಬರ ಕಾಲಿನ ಮೇಲೆ ನಡೆಯಿತು.

ಅವನಿಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಬರಿಗಾಲಲ್ಲಿ ಇರಬೇಡ ಎಂದರು. ಮಾಬೂಬಿ ಮೆತ್ತನೆಯ ಚಪ್ಪಲಿ ತಂದಳು. ಅವನು ನನ್ನ ಬಳಿ ಬಂದಾಗಲೆಲ್ಲ ಅದನ್ನು ಕಳಚಿಡುತ್ತಿದ್ದ.

"ಹಾಕ್ಕೋರಿ ಅಂದ್ರ ಕೇಳಂಗಿಲ್ಲಲ್ಲ."

"ಚಪ್ಪಲಿ ಹಾಕ್ಕೊಂಡ್ರ ಗಾಲಿ ತಿಳಿಯಂಗಿಲ್ಲ ಮಾಬೂಬಿ."

ಸಕ್ಕರೆಯಿಂದ ಮರಗಟ್ಟಿದ ಅವನ ಕಾಲಿಗೆ ಗಾಲಿ ತಿಳಿಯುವುದು ಅಷ್ಟರಲ್ಲಿ ನಿಂತುಹೋಗಿತ್ತು. ಕೈಯ ರೂಢಿಯಿಂದ ಕೆಲಸ ಸಾಗಿತ್ತು, ಅಷ್ಟೆ. ನನ್ನ ಹಲಗೆಯ ಒಂದು ಮೊಳೆ ಮೇಲೆದ್ದಿತು. ಅದು ಅವನ ಪಾದಕ್ಕೆ ಚುಚ್ಚಿತು, ಮರುದಿನವೂ ಚುಚ್ಚಿತು. ಅವನು ತುಳಿಯುತ್ತಲೇ ಇದ್ದ. ಹಲಗೆ ಒದ್ದೆಯಾದದ್ದು ನನಗೆ ಗೊತ್ತಾಯಿತು, ಅವನಿಗೆ ಗೊತ್ತಾಗಲಿಲ್ಲ. ಕಾಲು ತೊಳೆಯುವಾಗ ಮಾಬೂಬಿ ಕಂಡಳು. ಹೊತ್ತು ಮೀರಿತ್ತು. ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು.

ನನ್ನನ್ನು ಮನೆಯ ಮೂಲೆಯಲ್ಲಿ ನಿಲ್ಲಿಸಿದರು. ದಾವಲಸಾಬ ನನ್ನ ಕಡೆ ಬೆನ್ನು ಮಾಡಿ ಮಲಗುತ್ತಿದ್ದ. ಮಾಬೂಬಿಯ ಅಣ್ಣ ಖಾದರ ಬಂದು ಹೇಳಿದ:

"ಭಾವಾ, ಇದನ್ನ ಗುಜರಿಗೆ ಹಾಕೂಣು. ಕಣ್ಣ ಮುಂದ ಇದ್ರ ಸುಮ್ಮನ ತ್ರಾಸು."

ದಾವಲಸಾಬ ಗೋಡೆಯತ್ತ ಹೊರಳಿದ. ಮಾಬೂಬಿ ಮಾತಾಡಿದಳು.

"ಬಕ್ರೀದ್ ಆಗ್ಲಿ ಅಣ್ಣಾ. ಚಾಕು ಬರೂ ಹೊತ್ತು. ಆಗಲೂ ಇದು ತಿರುಗಲಿಲ್ಲ ಅಂದ್ರ ನೀನ ಒಯ್ಯಿ."

ಖಾದರ ಹೋದ ಮೇಲೆ ಅವಳು ಮೊದಲು ಆ ಮೊಳೆಯನ್ನು ಕಿತ್ತಳು. ಆಮೇಲೆ ನನ್ನನ್ನು ನಡುಮನೆಗೆ ಎಳೆದು, ಗಂಡನನ್ನು ಸ್ಟೂಲಿನ ಮೇಲೆ ಕೂರಿಸಿ, ಪಕ್ಕದಲ್ಲಿ ತಾನು ಕೂತು ಹಲಗೆ ತುಳಿದಳು. ಅವನು ಚಾಕು ಹಿಡಿದ. ಕಲ್ಲು ಅಲಗನ್ನು ಕಚ್ಚಿತು. ಚಾಕು ಅವನ ಕೈಯಿಂದ ಹಾರಿ ಗೋಡೆಗೆ ಬಡಿಯಿತು.

"ಉಲ್ಟಾ ಹೊಂಟೈತಿ. ಹೊಲಿಗಿ ಮಷಿನ್ ಅಲ್ಲ ಇದು."

ಹೊಲಿಗೆ ಮಷಿನ್ನಿನ ಗಾಲಿ ತುಳಿಯುವವರತ್ತ ತಿರುಗುತ್ತದೆ. ನಾನು ಚಾಕು ಹಿಡಿದವನಿಂದ ಆಚೆಗೆ ತಿರುಗಬೇಕು. ಅವಳ ಕಾಲಿಗೆ ಒಂದೇ ದಾರಿ ಗೊತ್ತಿತ್ತು. ಮೆಲ್ಲಗೆ ತುಳಿದಾಗ ಸರಿ ಹೋಗುತ್ತಿತ್ತು, ವೇಗ ಬಂದೊಡನೆ ಕಾಲು ತನ್ನ ದಾರಿ ಹಿಡಿಯುತ್ತಿತ್ತು. ಮತ್ತೆ ಮತ್ತೆ ಹಾಗೇ ಆಯಿತು. ಕೊನೆಗೆ ಅವನು ಚಾಕು ಕೆಳಗಿಟ್ಟ.

"ಖಾದರಗ ಹೇಳಿಬಿಡು. ಒಯ್ಯಲಿ."

ಅವಳು ಏಳಲಿಲ್ಲ. ಗಾಲಿಯನ್ನು ಕೈಯಿಂದ ಒಮ್ಮೆ ತನ್ನತ್ತ ತಿರುಗಿಸಿದಳು. ಮತ್ತೊಮ್ಮೆ ತಿರುಗಿಸಿದಳು.

"ನೀವು ಆ ಕಡಿ ಕೂಡ್ರಿ."

"ಯಾಕ?"

"ನನ್ನ ಕಡಿ ಬರೂದು ಅಂದ್ರ ನಿಮಗ ಆಚೆ ಹೋಗೂದು ಆತಲ್ಲ."

ಅವನು ಊರುಗೋಲು ಹಿಡಿದು ಎದ್ದು ನನ್ನನ್ನು ಸುತ್ತಿ ಬಂದ. ಅವಳ ಎದುರು ಕೂತ. ಅವಳು ತನಗೆ ಗೊತ್ತಿದ್ದ ಹಾಗೆಯೇ ತುಳಿದಳು. ಕಿಡಿ ಅವನಿಂದ ಆಚೆಗೆ ಚಿಮ್ಮಿ ಅವಳ ಸೆರಗಿಗೆ ಬಿತ್ತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಡಿಲಿಗೆ ಹಸಿ ಗೋಣಿಚೀಲ ಹಾಸಿಕೊಂಡಳು.

ಬಕ್ರೀದಿನ ವಾರ ತಳ್ಳುಗಾಡಿಯಲ್ಲಿ ನನ್ನನ್ನಿಟ್ಟುಕೊಂಡು ಮಾರ್ಕೆಟ್ಟಿಗೆ ಬಂದರು. ಕಸಾಯಿಯೊಬ್ಬ ಚಾಕು ಚಾಚಿ ನಕ್ಕ.

"ಏನ್ರಿ ದಾವಲಸಾಬ, ಹೆಂಡ್ತಿ ತುಳೀತಾಳ, ನೀವು ಕುಂತಬಿಟ್ಟೀರಿ?"

"ಮದುವಿ ಆದಾಗಿಂದ ನಾ ಆಕಿ ತುಳಿದಂಗ ತಿರಗೀನಪಾ. ಈಗ ಕಲ್ಲಿಗೂ ಗೊತ್ತಾತು."

ಮಾಬೂಬಿ ತಲೆ ಎತ್ತಲಿಲ್ಲ. ಆದರೆ ಹಲಗೆಯ ಮೇಲೆ ಅವಳ ಕಾಲು ಹಗುರಾಯಿತು. ಹಬ್ಬ ಕಳೆದ ಮೇಲೆ ಖಾದರ ಬಂದ, ಚಹಾ ಕುಡಿದ, ನನ್ನ ಸುದ್ದಿ ಎತ್ತದೆ ಹೋದ.

ಹಾಗೆ ಕೆಲವು ವರ್ಷ ನಡೆಯಿತು. ಮಗಳ ಮದುವೆ ಆಯಿತು. ದಾವಲಸಾಬನ ಕಿಡ್ನಿ ಸೋತವು. ಕೆಲಸ ಮಾಡಿದ ಕೊನೆಯ ದಿನವೂ ಅವನು ಪ್ರತಿ ಅಲಗನ್ನು ಹೆಬ್ಬೆರಳ ಉಗುರಿನ ಮೇಲೆ ಇಟ್ಟು ನೋಡಿಯೇ ಕೊಟ್ಟ. ಮಳೆಗಾಲ ಮುಗಿಯುವ ಮೊದಲು ತೀರಿಕೊಂಡ.

ಇದ್ದತ್ತಿನ ದಿನಗಳು ಬಂದವು. ಗಂಡ ಸತ್ತವಳು ಹೊಸ್ತಿಲು ದಾಟದೆ ಕಳೆಯುವ ತಿಂಗಳುಗಳು. ಮೊದಮೊದಲು ಮಾಬೂಬಿ ಏನೂ ಮಾಡಲಿಲ್ಲ. ಅಳಲೂ ಇಲ್ಲ. ಒಂದು ಮಧ್ಯಾಹ್ನ ಎದ್ದು ಹೊಲಿಗೆ ಮಷಿನ್ನಿನ ಮೇಲೆ ಚಾದರ ಹೊದಿಸಿದಳು. ಮಗಳು ಕೇಳಿದಳು, "ಯಾಕವ್ವಾ, ಹೊಲಿಯೂದು ಬಿಟ್ಟಿ?"

"ಎರಡಕ್ಕೂ ಒಂದ ಕಾಲು. ಅದನ್ನ ಮರತ್ರ ಇದು ಬರತೈತಿ."

ನನ್ನ ಮುಂದೆ ಕೂತಳು. ಎದುರಿನ ಸ್ಟೂಲು ಖಾಲಿ ಇತ್ತು. ಇನ್ನು ತುಳಿಯುವವಳೂ ಅವಳೇ, ಹಿಡಿಯುವವಳೂ ಅವಳೇ. ನಾನು ಅವಳಿಂದ ಆಚೆಗೆ ತಿರುಗಲೇಬೇಕು. ಬರಿ ಗಾಲಿಯನ್ನು ತುಳಿದಳು. ಹಿಂದಕ್ಕೆ ತಿರುಗಿತು. ನಿಲ್ಲಿಸಿದಳು. ಮತ್ತೆ ತುಳಿದಳು. ದಿನದಿನವೂ ಇದೇ. ಮೈ ಬೆವೆತರೂ ಬಿಡಲಿಲ್ಲ, ಕಾಲು ಸೋತರೆ ತಿಕ್ಕಿಕೊಂಡು ಮತ್ತೆ ಕೂತಳು. ಒಂದು ದಿನ ವೇಗ ಬಂದ ಮೇಲೂ ನಾನು ಆಚೆಗೇ ತಿರುಗುತ್ತಿದ್ದೆ. ಅವಳು ಅಡುಗೆಮನೆಯ ಚಾಕು ತಂದಳು.

ಇದ್ದತ್ತು ಮುಗಿದ ಮರುದಿನ ದರ್ಜಿಗಳ ಸಾಲಿಗೆ ಹೋದೆವು. ಮಿರಜಕರ ಎಂಬ ದರ್ಜಿ ಬಹಳ ಹೊತ್ತು ಅನುಮಾನಿಸಿ ಒಂದು ಹಳೆಯ ಕತ್ತರಿ ಕೊಟ್ಟ. ಅವಳು ಸಾಣೆ ಹಿಡಿದು ಕೊಟ್ಟಾಗ ಒದ್ದೆ ಬಟ್ಟೆಯ ತುಂಡನ್ನು ಕತ್ತರಿಸಿ ನೋಡಿದ. ತುದಿಯವರೆಗೂ ಸಲೀಸಾಗಿ ಹರಿಯಿತು. ಒಳಗೆ ಹೋಗಿ, ದಿನಾ ಬಳಸುವ ದೊಡ್ಡ ಕತ್ತರಿ ತಂದು ಅವಳ ಮುಂದಿಟ್ಟ.

ನನಗೀಗ ವಯಸ್ಸಾಗಿದೆ. ಕೀಲುಗಳಿಗೆ ತಂತಿ ಬಿಗಿದಿದ್ದಾಳೆ. ಮೂಲೆ ಸೇರುವ ದಿನ ದೂರವಿಲ್ಲ, ಅದಕ್ಕೆ ದುಃಖವೂ ಇಲ್ಲ. ಜಾಲಿಮರ ಗಟ್ಟಿ, ಸುಲಭಕ್ಕೆ ಅದರ ಮೇಲೆ ಗುರುತು ಮೂಡುವುದಿಲ್ಲ. ಆದರೂ ಈಚೆಗೆ ಹಲಗೆಯ ಮೇಲೆ, ಮಾಬೂಬಿಯ ಹಿಮ್ಮಡಿ ಊರುವ ಜಾಗದಲ್ಲಿ, ಒಂದು ಸಣ್ಣ ಗುಳಿ ಬೀಳತೊಡಗಿದೆ.